ಬದುಕಿದ್ದವಳಿಗೆ ಇಟ್ಟ ಎಡೆ

ನಮ್ಮ ಅಜ್ಜಿ ಸತ್ತುಹೋಗಿದ್ದಾಳೆ ಎಂಬ ಸಂಗತಿ ನನಗೆ ತಿಳಿದದ್ದು ಅವಳ ಕೈ ಹಿಡಿದುಕೊಂಡು ನಿಂತಿದ್ದಾಗ. ಆಗ ನನಗೆ ಹತ್ತು ವರ್ಷ ಇದ್ದೀತು. ಅವಳ ಅಂಗೈ ಎಂದಿನಂತೆ ಬೆಚ್ಚಗಿತ್ತು, ಬೆರಳ ಸಂದಿಯಲ್ಲಿ ಹಿಂದಿನ ದಿನ ಕಟ್ಟಿದ ಉಂಡಿಯ ಬೆಲ್ಲದ ಅಂಟು ಇನ್ನೂ ಉಳಿದಿತ್ತು. ಎದುರಿಗೆ ನಿಂತಿದ್ದ ಹೆಂಗಸು ಮಾತ್ರ ಈಕೆ ಸತ್ತು ಬಹಳ ಕಾಲವಾಯಿತು ಎಂದು ತಣ್ಣಗೆ, ನೀರು ಕೊಟ್ಟಷ್ಟು ಸಹಜವಾಗಿ ಹೇಳುತ್ತಿದ್ದಳು. ಬಾಗಲಕೋಟೆಯ ನವನಗರದ ಈ ಮನೆಯಲ್ಲಿ ಕೂತು, ನನಗೇ ಮೊಮ್ಮಕ್ಕಳಾಗುವ ವಯಸ್ಸಿನಲ್ಲಿ ಅದನ್ನು ನೆನೆದಾಗಲೂ ನನ್ನ ಅಂಗೈಯನ್ನು ಮುಟ್ಟಿ ನೋಡಿಕೊಳ್ಳುತ್ತೇನೆ. ಜಗತ್ತಿನ ಮೇಲೆ ನನಗಿದ್ದ ಎಳೆಯ ನಂಬಿಕೆಯೊಂದು ಆ ಹೊತ್ತಿನಲ್ಲಿ ಹರಿದುಹೋಯಿತು. ಅದರ ಜಾಗದಲ್ಲಿ ಏನು ಹುಟ್ಟಿತೋ, ಅದೇ ಮುಂದೆ ನಾನಾದೆ ಎಂದುಕೊಳ್ಳುತ್ತೇನೆ.

ನಮ್ಮದು ಇಲಕಲ್ಲಿನ ನೇಕಾರರ ಓಣಿಯಲ್ಲಿ ಉದ್ದಕ್ಕೆ ಮೂರು ಖೋಲಿಗಳ ಮನೆ. ಮುಂದಿನ ಖೋಲಿಯಲ್ಲಿ ನೆಲ ಅಗೆದು ಹೂಡಿದ ಎರಡು ಮಗ್ಗ, ನಡುವಿನದರಲ್ಲಿ ಹಾಸಿಗೆಯ ಸುರುಳಿಗಳು ಮತ್ತು ನೂಲಿನ ಗಂಟುಗಳು, ಕೊನೆಯಲ್ಲಿ ಅಡುಗೆಮನೆ. ಒಂದು ಮಗ್ಗದಲ್ಲಿ ಅಪ್ಪ, ಇನ್ನೊಂದರಲ್ಲಿ ಅಜ್ಜಿ. ಅವ್ವ ಗೋಡೆಗೆ ಒರಗಿ ರಾಟಿ ತಿರುಗಿಸುತ್ತ ಇಬ್ಬರಿಗೂ ನೂಲು ಸುತ್ತಿಕೊಡುತ್ತಿದ್ದಳು. ಅಜ್ಜ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ, ಅಜ್ಜಿ ಅವನ ಮಗ್ಗದ ಕುಣಿಯೊಳಗೇ ಕಾಲು ಇಳಿಬಿಟ್ಟು ಕೂತು ಅವನು ಬಿಟ್ಟ ಕೆಲಸ ಮುಂದುವರಿಸಿದ್ದಳು. ಊಟದ ಹೊತ್ತಿನ ತನಕ ಅವಳು ಮಗ್ಗದವಳು. ಆಮೇಲೆ ಕೈಕಾಲು ತೊಳೆದು ಅಡುಗೆಮನೆ ಹೊಕ್ಕರೆ ಅವಳು ನಮ್ಮವಳು, ಅಂದರೆ ನನ್ನ ಮತ್ತು ನನಗಿಂತ ನಾಲ್ಕು ವರ್ಷ ಚಿಕ್ಕವಳಾದ ತಂಗಿ ಸುಮಿಯ ಪಾಲಿನವಳು. ಅವಳ ಹೆಸರು ನೀಲವ್ವ. ಓಣಿಯ ಹುಡುಗರೆಲ್ಲ ಅವಳನ್ನು ಹಬ್ಬದಜ್ಜಿ ಎಂದೇ ಕರೆಯುತ್ತಿದ್ದರು.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಕಾರಹುಣ್ಣಿಮೆ ಮುಗಿಯುವುದೇ ತಡ, ಅಜ್ಜಿ ಹಳ್ಳದ ದಂಡೆಯಿಂದ ಜಿಗುಟು ಮಣ್ಣು ತರಿಸಿ ಅಮಾವಾಸ್ಯೆಗೆ ನಮ್ಮ ಕೈಯಿಂದ ಎತ್ತು ಮಾಡಿಸುತ್ತಿದ್ದಳು. ಸುಮಿಯ ಎತ್ತು ಯಾವಾಗಲೂ ನಾಯಿಯ ಹಾಗಿರುತ್ತಿತ್ತು, ಆದರೂ ಅದರ ಕೋಡಿಗೆ ಕೋಡಣಸು, ಬೆನ್ನಿಗೆ ಜೂಲು ಎಲ್ಲ ಆಗಬೇಕು. ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವನ ಪೂಜೆ, ಶ್ರಾವಣದಲ್ಲಿ ಪಂಚಮಿ, ಶೀಗಿಹುಣ್ಣಿಮೆಗೆ ಹೊಲಕ್ಕೆ ಎಡೆ ಚೆಲ್ಲುವ ಚರಗ. ನಮಗೆ ಅಂಗೈಯಗಲ ಹೊಲವಿರಲಿಲ್ಲ. ಅಜ್ಜಿ ಮಾತ್ರ ಬುಟ್ಟಿಯ ತುಂಬ ಕಡುಬು, ಪುಂಡಿಪಲ್ಯ ಹೊತ್ತು ನಮ್ಮನ್ನು ಹುನಗುಂದದ ದಾರಿಯಲ್ಲಿ ನಡೆಸಿಕೊಂಡು ಹೋಗಿ, ಯಾರದೋ ಜೋಳದ ಹೊಲದ ಬದುವಿನ ಮೇಲೆ ನಿಂತು ಭೂಮಿತಾಯಿಗೆ ಚರಗ ಚೆಲ್ಲಿ ಬರುತ್ತಿದ್ದಳು. ಓಣಿಯ ಹೆಂಗಸರು ನಗುತ್ತಿದ್ದರು.

"ನೀಲವ್ವಾ, ಮಗ್ಗಕ್ಕ ಪೂಜಿ ಮಾಡಿದ್ರ ಸಾಕಲ್ಲ. ಎತ್ತು, ಹೊಲ, ಇವೆಲ್ಲ ನಮಗ್ಯಾಕ ಬೇಕು?"

"ಉಣ್ಣೂದು ನೂಲಲ್ಲವಾ, ಜ್ವಾಳ," ಎಂದು ಅಜ್ಜಿ ಬಾಯಿ ಮುಚ್ಚಿಸುತ್ತಿದ್ದಳು.

ಅವಳು ಒಕ್ಕಲುತನದ ಮನೆಯ ಮಗಳು ಎಂಬುದು ಇದರಿಂದಲೇ ನಮಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮಕ್ಕಳಿಗೆ ಅಜ್ಜಿ ಎಂದರೆ ಹುಟ್ಟಿನಿಂದಲೇ ಅಜ್ಜಿ, ಅವಳಿಗೂ ಒಬ್ಬಳು ತಾಯಿ ಇದ್ದಾಳೆಂಬ ಯೋಚನೆಯೇ ಬರುವುದಿಲ್ಲ.

ಎಲ್ಲ ಹಬ್ಬಗಳಿಗಿಂತ ದೊಡ್ಡದು ಪಂಚಮಿ. ಒಂದು ವಾರ ಮೊದಲೇ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಜೋಳದ ಅರಳು ಹುರಿಯುವ ಚಟಪಟ ಸದ್ದು, ಶೇಂಗಾ ಹುರಿದ ಘಮ, ಬೆಲ್ಲದ ಪಾಕ ಎಳೆ ಬಂತೋ ಇಲ್ಲವೋ ಎಂದು ತಣ್ಣೀರಿನ ಬಟ್ಟಲಲ್ಲಿ ನೋಡುವ ಆತುರ. ಶೇಂಗಾ ಉಂಡಿ, ತಂಬಿಟ್ಟಿನ ಉಂಡಿ, ಎಳ್ಳಿನ ಉಂಡಿ, ರವೆ ಉಂಡಿ. ಪಾಕ ಬಿಸಿಯಿರುವಾಗಲೇ ಕಟ್ಟಬೇಕು. ನಮ್ಮ ಅಂಗೈಗಳು ಕೆಂಪಾಗಿ ಉರಿಯುತ್ತಿದ್ದವು, ಅಳುತ್ತಲೇ ಕಟ್ಟುತ್ತಿದ್ದೆವು. ಇವೆಲ್ಲ ಎಲ್ಲರ ಮನೆಯಲ್ಲೂ ಇದ್ದವು. ನಮ್ಮ ಮನೆಯಲ್ಲಿ ಮಾತ್ರ ಇದ್ದದ್ದು ಉಸುಕಿನ ಬೋಗುಣಿ. ಊರವರು ಹಿಟ್ಟು, ಸಕ್ಕರೆ, ಡಾಲ್ಡಾ ಒಯ್ದು ಬೇಕರಿಯ ಭಟ್ಟಿಯಲ್ಲಿ ಬಿಸ್ಕಿಟ್ ಮಾಡಿಸಿಕೊಂಡು ಬರುತ್ತಿದ್ದರೆ ಅಜ್ಜಿಗೆ ಅದು ಸರಿಬರುತ್ತಿರಲಿಲ್ಲ. "ನಮ್ಮ ಹಬ್ಬ ಮಂದಿ ಭಟ್ಟ್ಯಾಗ ಯಾಕ ಬೇಯಬೇಕು?" ಎನ್ನುತ್ತಿದ್ದಳು. ತಳ ದಪ್ಪಗಿನ ಹಳೆಯ ಬೋಗುಣಿಯಲ್ಲಿ ಸೋಸಿದ ಉಸುಕು ತುಂಬಿ, ಒಲೆಯ ಮೇಲಿಟ್ಟು ಕಾಯಿಸಿ, ಅದರ ಮೇಲೆ ತಟ್ಟೆ ಕೂರಿಸಿ, ಮುಚ್ಚಳದ ಮೇಲೂ ನಿಗಿನಿಗಿ ಕೆಂಡ ಹರವುತ್ತಿದ್ದಳು. ಗೋಧಿಹಿಟ್ಟು, ತುಪ್ಪ, ಬೆಲ್ಲದ ಪುಡಿ, ಯಾಲಕ್ಕಿ ಹಾಕಿ ನಾದಿದ ಹಿಟ್ಟನ್ನು ನಾವು ವಡೆಯಂತೆ ತಟ್ಟಿ, ಮುರಿದ ಬಾಚಣಿಗೆಯಿಂದ ಅಂಚಿಗೆಲ್ಲ ಗೆರೆ ಎಳೆಯಬೇಕು. ಇಲಕಲ್ ಸೀರೆಯ ಸೆರಗಿನಲ್ಲಿ ಹಲ್ಲುಹಲ್ಲಾಗಿ ಬರುವ ತೆನೆಯ ಹಾಗೆ ಕಾಣಬೇಕು. ಅದಕ್ಕೇ ಅವಕ್ಕೆ ತೆನಿ ಬಿಸ್ಕಿಟ್ ಎಂದು ಹೆಸರು. ಮುಚ್ಚಳ ತೆಗೆದಾಗ ಏಳುತ್ತಿದ್ದ ಪರಿಮಳಕ್ಕೆ ಮುಂದಿನ ಖೋಲಿಯಲ್ಲಿ ಅಪ್ಪನ ಮಗ್ಗ ನಿಂತುಬಿಡುತ್ತಿತ್ತು.

ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆಯುತ್ತಾನೆ, ಓಣಿಯ ಸೊಸೆಯಂದಿರೆಲ್ಲ ಹೊಸ ಕುಬಸ ತೊಟ್ಟು ಉಂಡಿಯ ಡಬ್ಬಿ ಹಿಡಿದು ಹೊರಡುತ್ತಾರೆ. ಅವ್ವನನ್ನೂ ಅಮೀನಗಡದಿಂದ ಮಾವ ಬಂದು ಕರೆದೊಯ್ಯುತ್ತಿದ್ದ. ಅಜ್ಜಿ ಮಾತ್ರ ಎಂದೂ ಎಲ್ಲಿಗೂ ಹೋದವಳಲ್ಲ. ಒಮ್ಮೆ ಸುಮಿ ಕೇಳಿಯೇಬಿಟ್ಟಳು.

"ಅಜ್ಜೀ, ನಿನ್ನ ಕರಿಯಾಕ ಯಾರೂ ಯಾಕ ಬರೂದಿಲ್ಲ?"

"ನನ್ನ ತವರು ಭಾಳ ದೂರ ಐತಿ," ಎಂದಳು ಅಜ್ಜಿ. ಆ ದಿನ ತಟ್ಟೆಯ ಬಿಸ್ಕಿಟ್ ಸೀದುಹೋದವು. ಅವಳ ಕೈಯಲ್ಲಿ ಯಾವುದಾದರೂ ಸೀದದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ನಾನು ಹೇಳಹೊರಟ ವರ್ಷ, ಪಂಚಮಿ ಹತ್ತಿರ ಬಂದಾಗ, ಮದುವೆಯ ಸೀರೆ ಕೊಳ್ಳಲು ಬಾದಾಮಿಯ ಕಡೆಯ ಹೆಂಗಸೊಬ್ಬಳು ನಮ್ಮ ಮನೆಗೆ ಬಂದಳು. ಯಾವ ಊರು ಎಂದು ಅಪ್ಪ ಮಾತಿಗೆ ಕೇಳಿದ. ಮಹಾಕೂಟದ ದಾರಿಯಲ್ಲಿರುವ ಒಂದು ಹಳ್ಳಿಯ ಹೆಸರು ಹೇಳಿದಳು. ಅಜ್ಜಿಯ ಕೈಯಲ್ಲಿದ್ದ ಲಾಳಿ ಅಲ್ಲೇ ನಿಂತಿತು. ಸೀರೆ ಮಡಚಿ ಕೊಟ್ಟಮೇಲೆ, ಏನೋ ನೆನಪಾದವಳಂತೆ ಕೇಳಿದಳು.

"ಆ ಊರಾಗ ಬೇವಿನಗಿಡದ ಮನಿ ಅಂತ ಇತ್ತು. ಅದರಾಗಿನ ದೊಡ್ಡ ಹೆಣಮಗಳು..."

"ಅದಾಳ್ರಿ ಇನ್ನೂ. ಕಣ್ಣು ಹೋಗ್ಯಾವು. ಕಿವಿ ಚುರುಕದಾವು. ಮಗ, ಸ್ವಸಿ ಚಂದಾಗಿ ನೋಡ್ಕೋತಾರ. ನಿಮಗ ಹ್ಯಾಂಗ ಗೊತ್ರಿ?"

"ಹಿಂದಕ ಸೀರಿ ಒಯ್ದಿದ್ರು," ಎಂದಳು ಅಜ್ಜಿ.

ಆ ಹೆಂಗಸು ಹೋದಮೇಲೆ ನಮ್ಮ ಮನೆಯಲ್ಲಿ ಆದ ಜಗಳವನ್ನು ನಾನು ನಡುಖೋಲಿಯ ಹಾಸಿಗೆ ಸುರುಳಿಯ ಹಿಂದೆ ಕೂತು ಕೇಳಿದೆ. ಅಜ್ಜಿ ಹದಿನಾರರ ಹುಡುಗಿಯಾಗಿದ್ದಾಗ, ಸೀರೆ ಗಂಟು ಹೊತ್ತು ಮಾರಲು ಬರುತ್ತಿದ್ದ ನೇಕಾರ ಹುಡುಗನ ಹಿಂದೆ ಮನೆ ಬಿಟ್ಟು ಬಂದವಳು ಎಂಬುದು ಹಾಗೆ ನನ್ನ ಕಿವಿಗೆ ಬಿತ್ತು. ಅವರ ಜಾತಿ ಬೇರೆ, ಅಜ್ಜನ ಜಾತಿ ಬೇರೆ. ಹೊಸ್ತಿಲು ತುಳಿದರೆ ಕಾಲು ಮುರಿಯುತ್ತೇನೆಂದು ಅವಳ ಅಪ್ಪ ಹೇಳಿಕಳಿಸಿದ್ದನಂತೆ. ಮಣ್ಣಿನ ಎತ್ತಿಗೆ ಕೋಡಣಸು ತೊಡಿಸುವ ನಮ್ಮ ಅಜ್ಜಿ ಓಡಿಬಂದವಳೇ!

"ಕರೀಲಾರದ ಮನಿಗೆ ನೀ ಹೋಗಬ್ಯಾಡ," ಎಂದ ಅಪ್ಪ. "ನಾ ಹುಟ್ಟಿದಾಗ ಬರಲಿಲ್ಲ, ನನ್ನ ಲಗ್ನಕ್ಕ ಬರಲಿಲ್ಲ. ನನ್ನಪ್ಪ ಸತ್ತಾಗರ ಬಂದ್ರೇನು? ಒಬ್ಬ ಸ್ವಾದರಮಾವನ ಮಾರಿ ನೋಡಿಲ್ಲ ನಾ."

"ಅವ್ವ ಅದಾಳೋ. ಅವ್ವ ಇನ್ನೂ ಅದಾಳಂತ!"

"ಆಕಿಗೆ ನಿನ್ನ ಮ್ಯಾಲ ಕರುಳಿದ್ರ ಒಂದ ಮಾತು ಹೇಳಿಕಳಸ್ತಿದ್ಲು. ಸಿಟ್ಟಿನ್ಯಾಗ ಅದಾಳ ಆಕಿ."

"ಸಿಟ್ಟಿನ್ಯಾಗ ಇದ್ರ ಎದುರಿಗೆ ನಿಂತು ಬೈಸ್ಕೊಂಡು ಬರ್ತೇನಿ. ಹುಡುಗರನ್ನ ಜೋಡಿ ಕರ್ಕೊಂಡು ಹೋಗ್ತೇನಿ. ಸಣ್ಣ ಹುಡುಗರ ಮುಂದ ಯಾರೂ ಕೈ ಎತ್ತೂದಿಲ್ಲ."

ಪಂಚಮಿಯ ಮೊದಲ ದಿನ, ರೊಟ್ಟಿ ಹಬ್ಬದ ಬೆಳಿಗ್ಗೆ, ಅಜ್ಜಿ ತಾನೇ ನೇಯ್ದ ದಾಳಿಂಬೆ ಬಣ್ಣದ ಸೀರೆ ಉಟ್ಟು, ಒಂದು ಡಬ್ಬಿಯಲ್ಲಿ ಉಂಡಿ, ಇನ್ನೊಂದರಲ್ಲಿ ತೆನಿ ಬಿಸ್ಕಿಟ್ ತುಂಬಿಕೊಂಡು ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿದಳು. ತವರಿಗೆ ಹೊರಟ ಹೆಣ್ಣುಮಕ್ಕಳಿಂದ ಬಸ್ಸು ಕಿಕ್ಕಿರಿದಿತ್ತು. ಎಲ್ಲರ ಮಡಿಲಲ್ಲೂ ಡಬ್ಬಿಗಳಿದ್ದವು, ಎಲ್ಲರಿಗೂ ಕರೆಯಲು ಬಂದವರಿದ್ದರು. ಗುಳೇದಗುಡ್ಡ ದಾಟಿ ಕೆಂಪು ಕಲ್ಲಿನ ಬೆಟ್ಟಗಳು ಶುರುವಾದಾಗ ಅಜ್ಜಿ ಕಿಟಕಿಯ ಸರಳು ಹಿಡಿದುಕೊಂಡಳು, ಇಳಿಯುವ ತನಕ ಬಿಡಲಿಲ್ಲ.

ಬೇವಿನ ಗಿಡ ಇತ್ತು. ಮನೆಯೂ ಇತ್ತು, ಕೆಂಪು ಕಲ್ಲಿನ ಎತ್ತರದ ಕಟ್ಟೆಯ ಮನೆ. ಬಾಗಿಲಲ್ಲಿ ನಿಂತಿದ್ದವಳು ಮೂವತ್ತರ ಆಸುಪಾಸಿನ ಹೆಂಗಸು, ಅಜ್ಜಿಯ ಅಣ್ಣನ ಸೊಸೆ ಕಸ್ತೂರಿ. ಅವಳಿಗೆ ಅಜ್ಜಿಯ ಗುರುತು ಸಿಗುವ ಮಾತೇ ಇರಲಿಲ್ಲ. ಮಹಾಕೂಟಕ್ಕೆ ಹೊರಟ ಭಕ್ತರೆಂದು ತಿಳಿದು ಒಳಗೆ ಕರೆದಳು.

"ಬರ್ರಿ, ಬಿಸಲಾಗ ಹುಡುಗರನ್ನ ಕರ್ಕೊಂಡು ಬಂದೀರಿ. ನೀರು ಕುಡೀರಿ. ಹಬ್ಬದ ದಿನ ಉಣಲಾರದ ಹೋಗಬ್ಯಾಡ್ರಿ."

ನೀರು, ಬೆಲ್ಲ ತಂದುಕೊಟ್ಟಳು. ಅಜ್ಜಿ ಕೂರಲಿಲ್ಲ. ಪಡಸಾಲೆಯ ಕಂಬ, ಗೂಡು, ಬೀಸುಕಲ್ಲು ಎಲ್ಲವನ್ನೂ ಒಂದೊಂದಾಗಿ ನೋಡುತ್ತ, ನನ್ನ ಕೈಯನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಆಗ ಸುಮಿ ಗೋಡೆಯತ್ತ ಬೆರಳು ಮಾಡಿ ಕೂಗಿದಳು.

"ಅಕ್ಕಾ, ನಿನ್ನ ಫೋಟೋ!"

ಗೋಡೆಯ ಮೇಲೆ ಆ ಮನೆಯ ಸತ್ತವರ ಸಾಲು. ರುಮಾಲು ಸುತ್ತಿದ ಮುದುಕರು, ಮೂಗಿನ ತುಂಬ ನತ್ತಿಟ್ಟ ಮುದುಕಿಯರು, ಅವರ ಕೊನೆಗೆ ನಾನು. ಎರಡು ಜಡೆ, ಕೂಡುಹುಬ್ಬು, ಗದ್ದದ ನಡುವಿನ ಕುಳಿ. ಕೊರಳಿಗೆ ಹೊಸ ಚೆಂಡುಹೂವಿನ ಮಾಲೆ, ಹಣೆಯ ಜಾಗದಲ್ಲಿ ಗಾಜಿನ ಮೇಲೆ ವಿಭೂತಿ. ಫೋಟೋದ ಕೆಳಗೆ ಮಣೆ, ಮಣೆಯ ಮೇಲೆ ಗಂಗಾಳ, ಗಂಗಾಳದಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಾಳುಪಲ್ಯ, ಗುರೆಳ್ಳ ಚಟ್ನಿ, ಗಟ್ಟಿ ಮೊಸರು, ಒಂದು ಉಂಡಿ. ನಾನು ಸತ್ತಿದ್ದೇನೆ, ಯಾರೂ ನನಗೆ ಹೇಳಿಲ್ಲ ಎಂದೇ ಆ ಕ್ಷಣ ನನಗೆ ಖಾತ್ರಿಯಾಯಿತು. ಕಸ್ತೂರಿ ನನ್ನನ್ನು ನೋಡಿದಳು, ಫೋಟೋ ನೋಡಿದಳು, ನಕ್ಕಳು.

"ಹೌದಲ್ರೀ! ಅಗದೀ ಹಂಗಽ ಅದಾಳ ನಿಮ್ಮ ಮೊಮ್ಮಗಳು. ಅದು ನಮ್ಮ ಮಾವಾರ ತಂಗೀರಿ, ಈಕಿಯಷ್ಟಿದ್ದಾಗ ತಗಿಸಿದ್ದು. ಸಣ್ಣಾಕಿದ್ದಾಗ ಬಾವ್ಯಾಗ ಬಿದ್ದು ಸತ್ತಳಂತ. ನಾ ನೋಡಿಲ್ಲ ಬಿಡ್ರಿ, ಭಾಳ ಹಿಂದಿನ ಮಾತು. ಪಂಚಮಿಗೆ ಹೆಣಮಕ್ಕಳು ತವರಿಗೆ ಬರ್ತಾರಲ್ಲ, ನನ್ನ ಮಗಳೂ ಬರ್ತಾಳ ಅಂತ ನಮ್ಮ ಅಜ್ಜೇರು ವರ್ಷಾ ಆಕಿಗೆ ಎಡಿ ಇಡಸ್ತಾರ."

"ಹೆಸರೇನು ಆಕಿದು?" ಎಂದಳು ಅಜ್ಜಿ. ಅದು ಅವಳ ದನಿಯಂತೆ ಇರಲಿಲ್ಲ.

"ನೀಲವ್ವ ಅಂತ್ರಿ."

ಸುಮಿ ಪಟ್ಟನೆ ಹೇಳಿದಳು, "ನಮ್ಮ ಅಜ್ಜಿ ಹೆಸರೂ ನೀಲವ್ವ."

ಅಜ್ಜಿ ನನ್ನ ಕೈ ಬಿಟ್ಟಳು. ನೆಟ್ಟಗೆ ನಡೆದುಹೋಗಿ ಮಣೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ರೊಟ್ಟಿ ಮುರಿದು, ಪಲ್ಯ ಹಚ್ಚಿ, ಬಾಯಿಗಿಟ್ಟುಕೊಂಡಳು.

"ಅಯ್ಯಯ್ಯ! ಅದು ಎಡಿರೀ! ಸತ್ತವರಿಗೆ ಇಟ್ಟದ್ದು!"

"ನನಗ ಇಟ್ಟದ್ದವಾ," ಎಂದಳು ಅಜ್ಜಿ ಅಗಿಯುತ್ತ. ಕಣ್ಣಿಂದ ನೀರು ಬಳಬಳ ಇಳಿಯುತ್ತಿತ್ತು. "ನಲವತ್ತು ವರ್ಷದ್ದು ಬಾಕಿ ಐತಿ. ಉಣ್ಣಾಕ ಬಿಡು."

ಕಸ್ತೂರಿ ಕಿಟ್ಟನೆ ಚೀರಿದಳು. ದೆವ್ವ ಕಂಡವರು ಹೇಗೆ ಚೀರುತ್ತಾರೆಂದು ನಾನು ಕೇಳಿದ್ದು ಆಗಲೇ. ಸುಮಿ ಅಳತೊಡಗಿದಳು. ಆ ಗದ್ದಲದ ನಡುವೆ ಒಳಖೋಲಿಯಿಂದ ಒಂದು ದನಿ ಬಂತು. ತೆಳ್ಳಗೆ, ಸ್ಪಷ್ಟವಾಗಿ.

"ಕಸ್ತೂರೀ, ಯಾರವಾ ಬಂದಾರು? ಯಾಕ ಚೀರಿದಿ?"

ಅಜ್ಜಿಯ ಕೈಯಲ್ಲಿದ್ದ ತುತ್ತು ಗಂಗಾಳಕ್ಕೆ ಬಿತ್ತು. ಎಂಜಲು ಕೈಯಲ್ಲೇ ಅವಳು ಒಳಗೆ ಓಡಿದಳು, ಹಿಂದೆ ನಾವು. ಕತ್ತಲಾದ ಸಣ್ಣ ಖೋಲಿ, ಹೊರಸಿನ ಮೇಲೆ ಕಂಬಳಿ ಹೊದ್ದ ಒಬ್ಬ ಮುದುಕಿ. ಅವಳು ನನ್ನ ಮುತ್ತಜ್ಜಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಗದ್ದದಲ್ಲಿ ಅದೇ ಕುಳಿ ಇತ್ತು.

"ಅವ್ವಾ, ನಾ ನೀಲಾ. ನಿನ್ನ ನೀಲಾ ಬಂದೇನಿ."

ಮುದುಕಿ ದನಿ ಬಂದತ್ತ ಮುಖ ತಿರುಗಿಸಿದಳು. ಅವಳಿಗೆ ಸಿಟ್ಟು ಬರಲಿಲ್ಲ.

"ನನ್ನ ಮಗಳು ಬಾವಿಪಾಲಾದ್ಲವಾ. ನಿಂದು ದೊಡ್ಡಾಕಿ ದನಿ. ಯಾರ ಮನಿಯಾಕಿ ನೀ? ಸತ್ತವರ ಹೆಸರಿನ ಮ್ಯಾಲ ಚಾಷ್ಟಿ ಮಾಡಬಾರದು."

"ಚಾಷ್ಟಿ ಅಲ್ಲವ್ವಾ..." ಎಂದಳು ಅಜ್ಜಿ. ತನ್ನ ಮೇಲೆ ಸಿಟ್ಟಾಗಿರುವ ತಾಯಿಯ ಬೈಗುಳಕ್ಕೆ ಅವಳು ಸಿದ್ಧವಾಗಿ ಬಂದಿದ್ದಳು. ತಾನು ಸತ್ತೆನೆಂದು ಇಷ್ಟು ವರ್ಷ ಅಳುತ್ತಿದ್ದ ತಾಯಿಗೆ ಅಲ್ಲ. ಸುಮ್ಮನೆ ನನ್ನ ಭುಜ ಹಿಡಿದು ಹೊರಸಿನತ್ತ ನೂಕಿದಳು. ಮುತ್ತಜ್ಜಿಯ ಕೈ ನನಗೆ ತಾಗಿತು. ಒಣಗಿದ ಎಲೆಯಂಥ ಬೆರಳುಗಳು ನನ್ನ ಜಡೆ, ಹಣೆ, ಹುಬ್ಬು ದಾಟಿ ಇಳಿದು ಗದ್ದದ ಕುಳಿಯಲ್ಲಿ ನಿಂತವು.

"ನೀಲಾ," ಎಂದಳು ಮುತ್ತಜ್ಜಿ. "ಬಂದಿಯಾ ನನ್ನವ್ವಾ?"

ನಾನು ಅಜ್ಜಿಯ ಮುಖ ನೋಡಿದೆ. ಅವಳು ಹೂಂ ಅನ್ನು ಎಂಬಂತೆ ತಲೆಯಾಡಿಸಿದಳು.

"ಹೂಂ. ಬಂದೇನಿ."

"ಇಷ್ಟ ದಿನ ಎಲ್ಲಿದ್ದಿ?"

ಅಜ್ಜಿ ನನ್ನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು. ಅದನ್ನೇ ನಾನು ಹೇಳಿದೆ, "ಇಲಕಲ್ಲಾಗ ಇದ್ದೆ."

"ಉಂಡಿಯೇನು?"

"ಈಗರ ಉಂಡೆ. ರೊಟ್ಟಿ ಭಾಳ ಛಲೋ ಆಗ್ಯಾವು."

ಮುತ್ತಜ್ಜಿ ನಕ್ಕಳು. ಆಮೇಲೆ ನನ್ನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಮೆಲ್ಲಗೆ ಕೇಳಿದಳು.

"ಬಾವಿ ನೀರು ಭಾಳ ಥಂಡಿ ಇತ್ತೇನವಾ?"

ಕಿವಿಯಲ್ಲಿ ಪಿಸುಮಾತು ಬರಲಿಲ್ಲ. ತಿರುಗಿ ನೋಡಿದರೆ ಅಜ್ಜಿ ಸೆರಗನ್ನು ಬಾಯಿಗೆ ತುರುಕಿಕೊಂಡು ನೆಲಕ್ಕೆ ಕುಸಿದಿದ್ದಳು. ಮುದುಕಿ ಕಾಯುತ್ತಿದ್ದಳು. ಯಾರಾದರೂ ಹೇಳಲೇಬೇಕಿತ್ತು. ನಾನೇ ಹೇಳಿದೆ.

"ನಾ ಬಾವ್ಯಾಗ ಬಿದ್ದಽ ಇಲ್ಲ."

ಕೆನ್ನೆಗೊತ್ತಿದ ಕೈ ಸಡಿಲವಾಯಿತು. ಮುತ್ತಜ್ಜಿಯ ಕುರುಡು ಕಣ್ಣುಗಳು ನನ್ನ ತಲೆಯ ಮೇಲಿನಿಂದ ಬಾಗಿಲ ಕಡೆ ತಿರುಗಿದವು. ಅವಳು ಕೇಳಿದ್ದು ಇಷ್ಟೇ.

"ಹಂಗಾದ್ರ ನನಗ್ಯಾಕ ಯಾರೂ ಹೇಳಲಿಲ್ಲ?"

ಆ ಬಾಗಿಲಲ್ಲಿ ಆಗಲೇ ಒಬ್ಬ ಮುದುಕ ಬಂದು ನಿಂತಿದ್ದ. ಸೊಸೆಯ ಚೀರಾಟ ಕೇಳಿ ಹಿತ್ತಲಿನಿಂದ ಓಡಿಬಂದ ಅಜ್ಜಿಯ ಅಣ್ಣ ಶಿವಪ್ಪ. ಅವನು ತಂಗಿಯನ್ನು ನೋಡಿದ ಕೂಡಲೇ ಗುರುತು ಹಿಡಿದ. ಹಿಡಿದದ್ದು ಅವನ ಮುಖದಲ್ಲೇ ತಿಳಿಯಿತು. ಅಜ್ಜಿ ಎದ್ದು ಅವನನ್ನು ಪಡಸಾಲೆಗೆ ಕರೆತಂದಳು. ನಾವಿಬ್ಬರೂ ಅವಳ ಸೆರಗು ಹಿಡಿದು ನಿಂತೆವು.

"ನಿನಗ ಗೊತ್ತಿತ್ತು," ಎಂದಳು ಅಜ್ಜಿ.

"ಗೊತ್ತಿತ್ತು. ಅಪ್ಪನಽ ನಿನ್ನ ಸೀರಿ ಬಾವಿ ದಂಡಿ ಮ್ಯಾಲ ಇಟ್ಟ. ಹೆಣ ಸಿಗಲಿಲ್ಲ ಅಂತ ಅವ್ವಗ ಹೇಳಿದ. ಓಡಿಹೋದ್ಲು ಅನ್ನೂದಕ್ಕಿಂತ ಸತ್ತಳು ಅನ್ನೂದು ಮಾನ ಅಂದ. ನನ್ನ ಕಡಿಂದ ಆಣಿ ಮಾಡಿಸಿದ."

"ಊರಾಗಿನ ಮಂದಿಗೆ?"

"ಅರ್ಧಾ ಊರಿಗೆ ಗೊತ್ತಿತ್ತು. ಅಪ್ಪನ ಹೆದರಿಕಿಗೆ ಯಾರೂ ಅವ್ವನ ಮುಂದ ಬಾಯಿ ಬಿಡಲಿಲ್ಲ."

"ಅಪ್ಪ ಹೋಗಿ ಎಷ್ಟೋ ವರ್ಷ ಆತಲ್ಲೋ ಅಣ್ಣಾ! ಆಮ್ಯಾಲರ ಹೇಳಬಾರದಽ?"

"ಹ್ಯಾಂಗ ಹೇಳಲಿ? ಇಷ್ಟ ವರ್ಷ ಸುಳ್ಳು ಹೇಳೇವಿ ಅಂತ ಆಕಿ ಮುಂದ ಹ್ಯಾಂಗ ಹೇಳಲಿ? ವರ್ಷಾ ಮುಂದಿನ ಪಂಚಮಿಗೆ ಹೇಳೂಣು ಅಂತಿದ್ದೆ."

"ವರ್ಷಾ ನನಗ ಎಡಿ ಇಟ್ಟಿ. ಅವ್ವ ಒಳಗ ಕುಂತು ಅಳತಿದ್ಲು, ನೀ ಹೊರಗ ನಿಂತು ಕಾಯಿ ಒಡೀತಿದ್ದಿ. ಒಮ್ಮೆಯರ ಕೈ ನಡಗಲಿಲ್ಲೇನು ನಿಂದು?"

ಶಿವಪ್ಪಜ್ಜ ಕಂಬ ಹಿಡಿದುಕೊಂಡ. ಅಷ್ಟು ದೊಡ್ಡ ಮನುಷ್ಯ, ಬಿಳಿ ಮೀಸೆಯವನು, ಸಾಲೆಯಲ್ಲಿ ಪೆಟ್ಟು ತಿಂದ ಹುಡುಗನ ಹಾಗೆ ಬಿಕ್ಕಿದ. ನನಗೆ ಅವನ ಮೇಲೆ ಮರುಕ ಬರಲಿಲ್ಲ. ದೊಡ್ಡವರು ಸುಳ್ಳು ಹೇಳುತ್ತಾರೆಂದು ಗೊತ್ತಿತ್ತು. ಒಂದು ಊರಿನ ಅರ್ಧದಷ್ಟು ದೊಡ್ಡವರು ಸೇರಿಕೊಂಡು, ಹಬ್ಬ ಹಬ್ಬಕ್ಕೂ ಹೂ ಏರಿಸಿ, ಒಬ್ಬ ಕುರುಡು ಮುದುಕಿಗೆ ಒಂದೇ ಸುಳ್ಳನ್ನು ಅಷ್ಟು ವರ್ಷ ಉಣಿಸಬಲ್ಲರೆಂಬುದು ನನ್ನ ತಲೆಯೊಳಗೆ ಹಿಡಿಸಲೇ ಇಲ್ಲ. ಈಗಲೂ ಪೂರ್ತಿ ಹಿಡಿಸಿಲ್ಲ. ಎಲ್ಲರೂ ಹೌದೆನ್ನುವ ಮಾತು ಕಿವಿಗೆ ಬಿದ್ದಾಗೆಲ್ಲ ನಾನು ಎದ್ದು ಹೋಗಿ ಕಣ್ಣಾರೆ ನೋಡಿ ಬರುವವಳಾದದ್ದು, ಅದಕ್ಕಾಗಿ ಹಟಮಾರಿ ಎನ್ನಿಸಿಕೊಂಡದ್ದು, ಅಂದಿನಿಂದ.

ಅಜ್ಜಿ ಅಲ್ಲಿ ಉಳಿಯಲಿಲ್ಲ. ಡಬ್ಬಿಗಳನ್ನು ತಾಯಿಯ ಹೊರಸಿನ ಹತ್ತಿರ ಇಟ್ಟು, ಒಂದು ಬಿಸ್ಕಿಟ್ ಮುರಿದು ಹಾಲಿನಲ್ಲಿ ನೆನೆಸಿ ಅವಳ ಬಾಯಿಗಿಟ್ಟಳು. "ಯಾರವಾ ನೀ, ಕೈ ಮೆತ್ತಗದಾವು," ಎಂದಳು ಮುತ್ತಜ್ಜಿ. ನನ್ನತ್ತ ಕೈಚಾಚಿ, "ನೀಲಾ, ನಾಳೆ ಮತ್ತ ಬಾ," ಎಂದಳು. ಹೊರಗೆ ಬಂದು ಅಜ್ಜಿ ಅಣ್ಣನಿಗೆ ಹೇಳಿದ ಮಾತು ಓಣಿಯವರಿಗೆಲ್ಲ ಕೇಳುವಂತಿತ್ತು.

"ಆ ಫೋಟೋ ನೀನಽ ಇಳಸು, ನಾ ಕೈ ಹಚ್ಚೂದಿಲ್ಲ. ಬಾವಿ ಸುಳ್ಳು ಅಂತ ಊರಿಗೆ ಹೇಳು. ಅವ್ವಗ ಹೇಳು. ಹೇಳಿ, ಅಣ್ಣ ಆಗಿ ಕರಿಯಾಕ ಬಾ. ಕರದ್ರ ಬರ್ತೇನಿ. ಕಳ್ಳರಂಗ ಇನ್ನೊಮ್ಮೆ ಈ ಮನಿಗೆ ಬರೂದಿಲ್ಲ."

ಇಲಕಲ್ಲಿಗೆ ಬಂದಾಗ ಅಪ್ಪ ಮಗ್ಗದ ಮೇಲಿದ್ದ. ಬೈಗುಳ ತಿಂದು ಬಂದಿರಬೇಕೆಂದು ಅವನು ಮುಖ ಎತ್ತದೆ ಕೇಳಿದ, "ಏನಂದ್ರು?"

"ನಾ ಸತ್ತಿದ್ದೆನಂತ," ಎಂದಳು ಅಜ್ಜಿ.

ಅವಳು ಎಲ್ಲವನ್ನೂ ಹೇಳಿ ಮುಗಿಸುವ ತನಕ ಅಪ್ಪ ಕುಣಿಯೊಳಗೆ ಕಾಲಿಟ್ಟುಕೊಂಡೇ ಕೂತಿದ್ದ. ತನ್ನನ್ನು ಬೇಡವೆಂದವಳು ಎಂದು ಹುಟ್ಟಿದಾಗಿನಿಂದ ದ್ವೇಷಿಸಿದ್ದ ತನ್ನ ಅಜ್ಜಿಗೆ ತಾನು ಹುಟ್ಟಿರುವುದೇ ಗೊತ್ತಿರಲಿಲ್ಲ ಎಂಬುದು ಅವನಿಗೆ ಅರ್ಥವಾಗುತ್ತ ಹೋದಂತೆ, ಅವನು ಲಾಳಿಯನ್ನು ಬದಿಗಿಟ್ಟ. ಆ ದಿನ ಮತ್ತೆ ಅದನ್ನು ಮುಟ್ಟಲಿಲ್ಲ.

ಮರುದಿನ ನಾಗಪ್ಪನಿಗೆ ಹಾಲೆರೆಯುವ ಹಬ್ಬ. ಅಜ್ಜ, ಅಪ್ಪ, ಅವ್ವ, ನಮ್ಮೆಲ್ಲರ ಪಾಲಿನ ಹಾಲೆಂದು ಹೆಸರು ಹೇಳಿ ಎರೆಯುವುದು ಅಜ್ಜಿಯ ರೂಢಿ. ಆ ವರ್ಷ ಯಾರ ಹೆಸರನ್ನೂ ಹೇಳದೆ ಎರೆದಳು. ಮನೆಯಲ್ಲಿ ಯಾರೂ ಬಾಗಿಲ ಕಡೆ ನೋಡುತ್ತಿರಲಿಲ್ಲ, ಯಾಕೆಂದರೆ ಎಲ್ಲರೂ ಬಾಗಿಲನ್ನೇ ಕಾಯುತ್ತಿದ್ದೆವು. ಬಾದಾಮಿಯ ಕಡೆಯಿಂದ ಯಾರೂ ಬರಲಿಲ್ಲ. ಅವ್ವನನ್ನು ಕರೆಯಲು ಬಂದ ಮಾವನನ್ನು ಅವ್ವ ಬರಿಗೈಯಲ್ಲಿ ಕಳಿಸಿಬಿಟ್ಟಳು. "ಅತ್ತೀನ ಬಿಟ್ಟು ನಾ ಹ್ಯಾಂಗ ಬರ್ಲಿ ಈ ವರ್ಷ," ಎಂದಳು. ಅತ್ತೆ ಸೊಸೆ ದಿನಾ ಜಗಳಾಡುತ್ತಿದ್ದವರು. ಅವ್ವ ಹಾಗೆ ಅಂದದ್ದು ಕೇಳಿ ಅಜ್ಜಿ ಅವಳನ್ನೇ ನೋಡುತ್ತ ನಿಂತಳು.

ಅದರ ಮರುದಿನ, ಊಟದ ಹೊತ್ತಿಗೆ, ಓಣಿಯ ತುದಿಯಲ್ಲಿ ಬಿಳಿ ಮೀಸೆ ಕಂಡಿತು. ಕಂಕುಳಲ್ಲಿ ಹೊಸ ಕುಬಸದ ಗಂಟು, ಕೈಯಲ್ಲಿ ಉಂಡಿಯ ಡಬ್ಬಿ. ಮನೆ ಕೇಳುತ್ತ ಬಂದ ಶಿವಪ್ಪಜ್ಜ ಹೊಸ್ತಿಲ ಹೊರಗೆ ನಿಂತ. ಅಪ್ಪ ಎದ್ದು ನಿಂತ. ಒಳಗೆ ಬರ್ರಿ ಎನ್ನಲಿಲ್ಲ.

"ಹೇಳಿಯೇನು?" ಎಂದಳು ಅಜ್ಜಿ ಒಳಗಿನಿಂದಲೇ.

"ಹೇಳೇನಿ. ಗುಡಿ ಕಟ್ಟಿ ಮ್ಯಾಲ ನಿಂತು, ನನ್ನ ತಂಗಿ ಬದುಕ್ಯಾಳ, ನಮ್ಮಪ್ಪ ಮಾಡಿದ್ದು ತಪ್ಪು, ನಾ ಮಾಡಿದ್ದು ಅದಕಿಂತ ದೊಡ್ಡ ತಪ್ಪು ಅಂತ ಹೇಳೇನಿ. ಫೋಟೋ ಇಳಿಸೇನಿ. ಅವ್ವ ನಿನ್ನೆಲ್ಲಾ ನನ್ನ ಮಾತಾಡಸಲಿಲ್ಲ. ಇವತ್ತ ಮುಂಜಾನೆ ಒಂದಽ ಮಾತು ಅಂದ್ಲು. ಬಿಸ್ಕಿಟ್ ತಿನಿಸಿದಾಕಿನ್ನ ಕರ್ಕೊಂಡು ಬಾ ಅಂದ್ಲು."

ಅಪ್ಪ ಹೊಸ್ತಿಲು ದಾಟಿ ಹೋಗಿ ತನ್ನ ಸೋದರಮಾವನ ಕೈಯಿಂದ ಗಂಟು ಇಸಿದುಕೊಂಡ.

ಮುಂದಿನದನ್ನೆಲ್ಲ ನಾನು ಕೇಳಿ ತಿಳಿದದ್ದು. ಮುತ್ತಜ್ಜಿ ಆಮೇಲೆ ಇನ್ನೆರಡು ಚಳಿಗಾಲ ಬದುಕಿದಳು. ಕೆಲವು ದಿನ ಅಜ್ಜಿಯನ್ನು ಮಗಳೆಂದು ಬೈಯುತ್ತಿದ್ದಳು, ಕೆಲವು ದಿನ ಯಾರೋ ಒಳ್ಳೆಯ ಹೆಣ್ಣುಮಗಳೆಂದು ಹರಸುತ್ತಿದ್ದಳು. ಎರಡೂ ತನಗೆ ಸರಿಯೇ ಎನ್ನುತ್ತಿದ್ದಳು ಅಜ್ಜಿ. ಅಣ್ಣನನ್ನು ಅವಳು ಪೂರ್ತಿ ಕ್ಷಮಿಸಿದಳೋ ಇಲ್ಲವೋ ನನಗೆ ತಿಳಿಯದು, ಮಾತು ಬಿಡಲಿಲ್ಲ, ಅಷ್ಟೇ.

ಆದರೆ ಆ ಮಧ್ಯಾಹ್ನ ನಾವು ಅವರನ್ನು ಕಳಿಸಲು ಬಸ್ ನಿಲ್ದಾಣದ ತನಕ ಹೋದೆವು. ಅಜ್ಜಿ ಹೊಸ ಕುಬಸ ತೊಟ್ಟಿದ್ದಳು, ಅದು ಅವಳಿಗೆ ಬಿಗಿಯಾಗಿತ್ತು. ಸುಮಿ ಅವಳ ಕೈ ಬಿಡುತ್ತಿರಲಿಲ್ಲ, ಯಾವಾಗ ಬರ್ತಿ ಎಂದು ನೂರು ಸಲ ಕೇಳಿದಳು. ನಾವು ನಿಲ್ದಾಣದ ಬಾಗಿಲು ಮುಟ್ಟುವಷ್ಟರಲ್ಲಿ ಬಾದಾಮಿಯ ಬಸ್ಸು ಹೊರಟುಬಿಟ್ಟಿತ್ತು. ಶಿವಪ್ಪಜ್ಜ ಮುಂದೆ ಓಡಿ ಬಸ್ಸಿನ ಮೈಗೆ ಬಡಿದು, ಫುಟ್‌ಬೋರ್ಡಿನ ಮೇಲೆ ನಿಂತು ಕೂಗಿದ.

"ನೀಲಾ, ಲಗೂ ಬಾ! ಲಗೂ ಬಾರಽ!"

ಅಜ್ಜಿ ಸುಮಿಯ ಕೈ ಬಿಡಿಸಿಕೊಂಡಳು. ಸೀರೆಯ ನಿರಿಗೆಯನ್ನು ಎರಡೂ ಕೈಯಲ್ಲಿ ಮೊಣಕಾಲ ತನಕ ಎತ್ತಿ ಹಿಡಿದು, ಮಂದಿಯನ್ನು ತಳ್ಳಿಕೊಂಡು, ಧೂಳಿನಲ್ಲಿ ಬರಿಗಾಲಲ್ಲಿ ಓಡಿದಳು. ಅಜ್ಜಿ ಓಡುವುದನ್ನು ನಾವು ಯಾರೂ ಅದುವರೆಗೆ ನೋಡಿರಲಿಲ್ಲ. ಅಪ್ಪನೂ ನೋಡಿರಲಿಲ್ಲ. ಅಣ್ಣ ಚಾಚಿದ ಕೈ ಹಿಡಿದು ಹತ್ತಿದಳು. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಅವಳು ಒಮ್ಮೆಯೂ ನಮ್ಮ ಕಡೆ ತಿರುಗಿ ನೋಡಲಿಲ್ಲ.